ಚಾಳೀಸು

ಬ್ಯಾಲರಾಟ್‌ನ ಸ್ಟರ್ಟ್ ಸ್ಟ್ರೀಟಿನಲ್ಲಿ ಮೂವತ್ತೊಂದು ವರ್ಷ
ಕತ್ತಲ ಕೋಣೆಯಲ್ಲಿ ಕೂತು ಕೇಳಿದ್ದೇನೆ:
ಇದು ಸ್ಪಷ್ಟವೋ, ಇದೋ?
ಒಂದೋ, ಎರಡೋ?

ಕುರಿಯ ಉಣ್ಣೆ ಕತ್ತರಿಸುವವರು, ಬಸ್ಸು ಓಡಿಸುವವರು,
ಚರ್ಚಿನಲ್ಲಿ ಆರ್ಗನ್ ನುಡಿಸುವ ಮಿಸೆಸ್ ಪೆನ್‌ರೋಸ್,
ನಲವತ್ತು ದಾಟಿದ ಒಂದು ದಿನ ಎಲ್ಲರೂ
ಪತ್ರಿಕೆಯನ್ನು ಮಾರುದೂರ ಹಿಡಿದು ಬರುತ್ತಿದ್ದರು,
'ಕಣ್ಣು ಸರಿಯಿದೆ, ಕೈ ಗಿಡ್ಡವಾಗಿದೆ' ಎನ್ನುತ್ತ.
ಎಲ್ಲರದೂ ಅದೇ ಜೋಕು.
ಪ್ರತಿಸಲ ಹೊಸದೆಂಬಂತೆ ನಗುತ್ತಿದ್ದೆ.

ನಮ್ಮಲ್ಲಿ ಇದನ್ನು ಚಾಳೀಸು ಅನ್ನುತ್ತೇವೆ,
ಅಂದಿದ್ದೆ ಮಿಸೆಸ್ ಪೆನ್‌ರೋಸ್‌ಗೆ. ಅಂದರೆ ಬರೀ ನಲವತ್ತು.
ರೋಗದ ಹೆಸರಲ್ಲ, ಲೆಕ್ಕ.
ಆಕೆ ದಿನಸಿ ಚೀಟಿಯ ಹಿಂದೆ ಬರೆದುಕೊಂಡಳು,
ಸ್ಪೆಲಿಂಗ್ ತಪ್ಪಾಗಿ.

ಈಗ ಎಪ್ಪತ್ತೆರಡು. ಅದೇ ಕೋಣೆ; ನಾನು ಈ ಕಡೆ,
ತಣ್ಣನೆಯ ತಟ್ಟೆಯ ಮೇಲೆ ಗಲ್ಲವಿಟ್ಟು.
ಆ ಕಡೆ ಬ್ರಾನ್ವೆನ್, ನಾನೇ ಕಲಿಸಿದವಳು.
'ಮಸೂರ ಒಂಚೂರು ಹಳದಿಗಟ್ಟಿದೆ,' ಎನ್ನುತ್ತಾಳೆ,
'ವಯಸ್ಸಿಗೆ ತಕ್ಕ ಹಾಗೆ.'

ವಯಸ್ಸಿಗೆ ತಕ್ಕ ಹಾಗೆ!
ಎಷ್ಟು ಜನರ ಮಡಿಲು ತುಂಬಿ ಕಳಿಸಿದ್ದೆ ಈ ಮಾತಿನಿಂದ,
ಎಲೆ, ಅಡಿಕೆ, ಕೊಬ್ಬರಿಬಟ್ಟಲಿನ ಹಾಗೆ.
ಯಾರೂ ಬೇಡವೆಂದಿರಲಿಲ್ಲ.

ಹಾಗಾದರೆ ಮೊನ್ನೆ
ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ಕಡುನೀಲಿ ಕಾಲುಚೀಲ ತೊಟ್ಟು
ಲೈಬ್ರರಿಗೆ ಹೋದದ್ದು ಈ ಹಳದಿಯ ಕೆಲಸ.
ನೀಲಿ ಮೊದಲು ಮಂಕಾಗುತ್ತದೆ:
ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕ ಬಂದಿತ್ತು.
ಹೀಗೆ, ಮೆಲ್ಲಗೆ, ಮನೆಯವರಿಗೂ ಹೇಳದೆ
ಎದ್ದುಹೋಗುತ್ತದೆಂದು ಬರೆದಿರಲಿಲ್ಲ.

ಆ ಕಾಲುಚೀಲವನ್ನೂ
ಒಂಟಿಕಾಲಲ್ಲಿ ನಿಂತು ಹಾಕಿಕೊಳ್ಳುತ್ತಿದ್ದೆ. ಈಗ ಮಂಚದಂಚು ಬೇಕು.
ಧಾರೆಸೀರೆ ಉಟ್ಟರೆ, ಎಣಿಸಿದ ಅದೇ ಏಳು ನೆರಿಗೆ,
ಒಂದೂವರೆ ಬೆರಳು ನೆಲ ಗುಡಿಸುತ್ತದೆ.
ಉದ್ದವಾದದ್ದು ಸೀರೆಯಲ್ಲ.
ಎಂಟೂವರೆಗೆ ಆಕಳಿಕೆ. ನಾಲ್ಕಕ್ಕೆ ಎಚ್ಚರ,
ಮ್ಯಾಗ್‌ಪೈಗಳು ಗಂಟಲು ಸರಿಮಾಡಿಕೊಳ್ಳುವ ಮೊದಲೇ
ಒಲೆಯ ಮೇಲೆ ನನ್ನ ಕಾಫಿ.

ವೆಂಡೂರಿ ಕೆರೆಯ ಸುತ್ತ ನಡೆವಾಗ ಎದುರಾದ ಒಬ್ಬ.
ಮುಖ ಗೊತ್ತು. ನಾಯಿ ಗೊತ್ತು.
ಎಡಗಣ್ಣು ಮೈನಸ್ ಎರಡೂಮುಕ್ಕಾಲು, ಅದೂ ಗೊತ್ತು.
ಹೆಸರು ಮಾತ್ರ
ನಾಲಿಗೆಯ ತುದಿಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರದೆ ನಿಂತಿದೆ.
ಹವಾಮಾನ ಮಾತಾಡಿ ಬೀಳ್ಕೊಟ್ಟೆ.
ದೋಣಿಮನೆ ದಾಟಿ, ಯಾರಿಗೂ ಬೇಡವಾದ ಮೇಲೆ, ಬಂತು:
ಲಾಯ್ಡ್!
ಜೋರಾಗಿಯೇ ಅಂದೆ.
ಕರಿಹಂಸವೊಂದು ಕತ್ತು ತಿರುಗಿಸಿ ನೋಡಿತು.

ಅರವತ್ತಕ್ಕೆ ಅರಳು ಮರಳು, ಅನ್ನುತ್ತಿದ್ದಳು ಸೋದರತ್ತೆ.
ಹನ್ನೆರಡು ವರ್ಷ ತಡವಾಯಿತು ನನಗೆ.
ಇರಲಿ; ಮರಳು ಬಂದಿದ್ದರೆ
ಅರಳೂ ಎಲ್ಲೋ ಇರಬೇಕಲ್ಲ?
ಗುರುವಾರದ ಸ್ಕ್ರ್ಯಾಬಲ್‌ನಲ್ಲಿ ಇಪ್ಪತ್ತರ ಹುಡುಗ
ಚಕಚಕನೆ ಬಿಲ್ಲೆ ಜೋಡಿಸಿ ಬೆರಳು ಕುಟ್ಟುತ್ತಾನೆ.
ನಾನು ತಡವರಿಸಿ, ತಡವರಿಸಿ,
ಅವನು ಹುಟ್ಟಿ ಕೇಳಿರದ ಪದವೊಂದನ್ನು ಇಡುತ್ತೇನೆ.
ಸಿಟ್ಟೂ ಬರುತ್ತದೆ, ಬರದೆ ಏನು.
ಹೊಸ್ತಿಲವರೆಗೆ ಬಂದು
ಯಾಕೆ ಬಂದೆ ಎಂಬುದೇ ಮರೆತು
ತಲೆ ಕೆರೆದುಕೊಂಡು ವಾಪಸು ಹೋಗುತ್ತದೆ.

'ಒಂದೋ, ಎರಡೋ?' ಬ್ರಾನ್ವೆನ್ ಗಾಜು ತಿರುಗಿಸುತ್ತಾಳೆ.
ಈ ಪ್ರಶ್ನೆಗೆ ಎಲ್ಲರೂ ಬೆವರುತ್ತಿದ್ದರು,
ತಪ್ಪು ಹೇಳಿದರೆ ಫೇಲಾದಂತೆ.
ಗೊತ್ತಿದ್ದೂ ನನ್ನ ಅಂಗೈಯೂ ಒದ್ದೆ.
'ಎರಡೂ ಒಂದೇ ಥರ ಕಾಣುತ್ತೆ ಕಣೇ,' ಅಂದೆ, ಕನ್ನಡದಲ್ಲೇ.
ಅವಳಿಗೆ ಅರ್ಥವಾಗಲಿಲ್ಲ; ಮತ್ತೆ ಇಂಗ್ಲಿಷಿನಲ್ಲಿ ಹೇಳಿದೆ.
'ಹಾಗನ್ನಿಸಿದರೆ ನಂಬರು ಸಿಕ್ಕಿತು ಅಂತ ಲೆಕ್ಕ,
ನೀವೇ ಕಲಿಸಿದ್ದು,' ಎಂದಳು.

ಹೊರಗೆ ಜುಲೈ, ಐದೂವರೆಗೇ ಕತ್ತಲು, ಸಣ್ಣ ಮಂಜು.
ಬೆಳಕಿಂದ ಇಳಿದ ಕಣ್ಣಿಗೆ
ಮೆಟ್ಟಿಲು ತಕ್ಷಣ ಕಾಣದು ಈಗ, ಹೊತ್ತು ಬೇಕು.
ಕಂಬಿ ಹಿಡಿದು ನಿಂತೆ.
ಮೊದಲು ಟ್ರಾಮಿನ ಹಳೆ ಹಳಿ, ಆಮೇಲೆ ಎಲ್ಮ್ ಮರ,
ಆಮೇಲೆ, ನಿಧಾನವಾಗಿ,
ನನ್ನ ಕಾಲ ಬುಡದ ಮೆಟ್ಟಿಲು.