ನಾನೂರ ಹದಿನೇಳು

ಹಟ್ಟಿ ಕ್ಯಾಂಪಿನ ಕ್ಲಬ್ಬು ಓದುಕೋಣೆ ಖಾಲಿ ಮಾಡಿದ ದಿನ
ಪುಸ್ತಕಗಳನ್ನು ತೂಕಕ್ಕೆ ಹಾಕಿದ್ದರು.
ಮೌಲಾಸಾಬ ತಕ್ಕಡಿ ಹಿಡಿದೇ ಕೂಗಿದ:
‘ಅಮರೇಶಣ್ಣ, ನಿನ್ನ ತ್ರಿಲೋಚನ ಇಲ್ಲದಾನ ನೋಡು.’
ಹತ್ತೊಂಬತ್ತರಲ್ಲಿ ಹದಿನೇಳು ಸಿಕ್ಕವು.
ಎರಡೂವರೆ ಕಿಲೋ ಪತ್ತೇದಾರ, ನಲವತ್ತು ರೂಪಾಯಿ.
ಚೀಲ ಮಾತ್ರ ವಾಪಸು ಕೊಡಬೇಕು.

ಸಂಕ್ರಾಂತಿ ಮುಗಿದ ವಾರ ಅದು.
ವರ್ಷವಿಡೀ ಬೇರೇನೂ ಓದಲಿಲ್ಲ ಎಂದರೆ ಸುಳ್ಳಾದೀತು.
ಓದಿದೆ: ಬಹುಮಾನ ಬಂದ ದಪ್ಪ ಕಾದಂಬರಿ, ಅರ್ಧ;
ಸಕ್ಕರೆ ಕಾಯಿಲೆಯ ಕೈಪಿಡಿ, ಹುಲಿಗೆಮ್ಮ ಎದುರು ಕೂತು ಓದಿಸಿದ್ದು.
ಆದರೆ ರಾತ್ರಿ ಪಾಳಿಗೆ
ರೊಟ್ಟಿ ಗಂಟಿನ ಜೊತೆ ಬಂದವನು ತ್ರಿಲೋಚನ.

ಲ್ಯಾಂಪ್ ರೂಮಿನಲ್ಲಿ ನನ್ನ ಕೆಲಸ.
ಇಳಿಯುವವನಿಗೆ ದೀಪ ಕೊಟ್ಟು ಬಿಲ್ಲೆ ಇಸಕೊಳ್ಳುವುದು,
ಏರಿ ಬಂದವನ ದೀಪ ಇಸಕೊಂಡು ಬಿಲ್ಲೆ ಕೊಡುವುದು.
ಮೊಳೆಗೆ ಬಿಲ್ಲೆ ತೂಗುತ್ತಿದೆ ಎಂದರೆ
ನೆಲದೊಳಗೆ ಇನ್ನೂ ಒಬ್ಬ ಇದ್ದಾನೆ.
ನಡುವಿನ ಏಳು ತಾಸು
ಗಿರಣಿಯ ಗುಡುಗುಡು, ಚಾರ್ಜಿನ ಹಸಿರು ಚುಕ್ಕೆಗಳು,
ಮತ್ತೆ ಒಂದು ಕೊಲೆ.

ಹೆಸರಿಗೆ ತ್ರಿಲೋಚನ, ಇರುವ ಎರಡರಲ್ಲಿ ಒಂದು ಮಂಜು.
ಪ್ರತಿ ಪುಸ್ತಕದಲ್ಲೂ ಕೊಡೆ ಕಳಕೊಳ್ಳುತ್ತಾನೆ.
ನಾಲ್ಕರಲ್ಲಿ ಅವನಿಗೆ ತಂಗಿ, ಎಂಟರಲ್ಲಿ ಅವಳೇ ಅಕ್ಕ.
ಬರೆದವರಿಗೂ ಮರೆವು, ಪಾಪ.
ಅವನೂರಲ್ಲಿ ಸದಾ ಸೋನೆ.
ಮೇ ತಿಂಗಳು, ತಗಡಿನ ಮಾಡು, ಬೆವರಿಗೆ ಪುಟ ಅಂಟುವಾಗ
ಕಥೆ ಬಿಟ್ಟು ಮಳೆಯ ಸಾಲಷ್ಟೇ ಹುಡುಕಿ ಓದಿದ ರಾತ್ರಿಗಳುಂಟು.

ಪೆನ್ಸಿಲಿನವನ ಸುದ್ದಿ ಹೇಳಬೇಕು.
ಒಂಬತ್ತು ಪುಸ್ತಕಗಳಲ್ಲಿ, ಮೂರನೇ ಪುಟದ ನೆತ್ತಿಗೆ,
ಓರೆ ಅಕ್ಷರ: ‘ಕೊಂದವ ಅಡಿಗೆಯವ.’
‘ಕೊಂದವಳು ನಾದಿನಿ.’ ‘ಅಂಚೆಯವನೇ, ನೋಡು ಬೇಕಾದರೆ.’
ಹದಿನೈದರ ನಾನು ನೋಡಿರಲಿಲ್ಲ. ಅತ್ತು,
ಅಪ್ಪನ ಕಾರ್ಡಿನ ಮೇಲೆ ತಂದದ್ದನ್ನು ಹಾಗೇ ಮರಳಿಸಿ
ಆ ಕೈ ಸೇದಿಹೋಗಲಿ ಎಂದು ಶಪಿಸಿದ್ದೆ.

ಈ ವರ್ಷ, ಶ್ರಾವಣದಲ್ಲಿ, ಗೊತ್ತಿದ್ದೂ ಓದಿದೆ.
ಅಡಿಗೆಯವ ಕೊಂದಿಲ್ಲ.
ಕೊಂದದ್ದು ಕಂಪೌಂಡರ್.
ನಾದಿನಿ ಕೊಂದಿಲ್ಲ. ಅಂಚೆಯವ ಆ ದಿನ ಊರಲ್ಲೇ ಇರಲಿಲ್ಲ.
ಒಂಬತ್ತಕ್ಕೆ ಒಂಬತ್ತೂ ಸುಳ್ಳು!
ಬಿಲ್ಲೆಗಳ ಎದುರು ಒಬ್ಬನೇ ಕೂತು ನಕ್ಕೆ,
ಆಮೇಲೆ ನಗು ನಿಂತಿತು:
ನಲವತ್ತು ವರ್ಷ ಒಬ್ಬ ಬಡ ಅಡಿಗೆಯವನನ್ನು
ತಲೆಯೊಳಗೆ ಗಲ್ಲಿಗೆ ಹಾಕಿಟ್ಟಿದ್ದೆನಲ್ಲ.

ಯಾರವನು?
ಹಿಂದಿನ ರಟ್ಟಿನ ಚೀಟಿಯಲ್ಲಿ ಹೆಸರಿಲ್ಲ, ಬಿಲ್ಲೆ ನಂಬರುಗಳಿವೆ.
ಒಂಬತ್ತರಲ್ಲೂ ಅಪ್ಪನ ನಂಬರಿನ ಮೇಲಿನ ಸಾಲು: ೪೧೭.
ದಸರೆಯ ರಜೆಯಲ್ಲಿ ಹಳೆಯ ರಿಜಿಸ್ಟರು ಕೆಳಗಿಳಿಸಿದೆ,
ಇಲಿ ತಿಂದು ಬಿಟ್ಟಷ್ಟು.
ನಾನೂರ ಹದಿನೇಳಕ್ಕೆ ಮೂವರು.
ಒಬ್ಬ ಪಿಂಚಣಿ ತಗೊಂಡ, ಒಬ್ಬ ಕೋಲಾರಕ್ಕೆ ಹೋದ,
ಒಬ್ಬನ ಹೆಸರಿನ ಮೇಲೆ ಕೆಂಪು ಗೆರೆ. ಕಾರಣ ಬರೆದಿಲ್ಲ.
ಶಾಯಿಯ ಬಣ್ಣ ನೋಡಿಯೇ ಹೇಳುತ್ತಿದ್ದ ತ್ರಿಲೋಚನ.
ನಾನು ರಿಜಿಸ್ಟರು ಮುಚ್ಚಿ ಕೈ ತೊಳಕೊಂಡೆ.

ಮೌಲಾಸಾಬನಿಗೆ ಕೇಳಿದರೆ
‘ಚೀಲ ಯಾವಾಗ ಕೊಡ್ತಿ?’ ಅಂದ.

ಮೊನ್ನೆ, ಡಿಸೆಂಬರಿನ ಚಳಿ, ಪಾಳಿ ಬಿಟ್ಟ ಮೇಲೂ
ಒಂದು ಬಿಲ್ಲೆ ಮೊಳೆಯಲ್ಲೇ.
ಕೊನೆಯ ಪುಸ್ತಕದ ಕೊನೆಯ ಪುಟ ಬೆರಳ ಕೆಳಗೆ, ಓದಲಾರೆ.
ಹನ್ನೊಂದು ನಿಮಿಷ.
ಬೂಟಿನ ಸಪ್ಪಳ. ಹೊಸ ಹುಡುಗ ಮೌನೇಶ,
ರೆಪ್ಪೆಯ ಮೇಲೂ ಕಲ್ಲಿನ ಹಿಟ್ಟು.
‘ಬ್ಯಾಟರಿ ಕೈಕೊಟ್ಟಿತಣ್ಣ. ಏನು ಓದಾಕತ್ತಿ?’
ರಟ್ಟು ತೋರಿಸಿದೆ. ‘ಯಾರು ಕೊಂದ್ರು?’

‘ಅಡಿಗೆಯವ’ ಎಂದೆ,
ಬಿಲ್ಲೆ ಅವನ ಅಂಗೈಗಿಟ್ಟೆ.