ಬಾಲ್ಕನಿಯಲ್ಲಿ ಬಟ್ಟೆ ಒಣಹಾಕತಕ್ಕದ್ದಲ್ಲ

ಹತ್ತೊಂಬತ್ತು ವರ್ಷ ಮೀಟರು ಓದಿದ್ದೇನೆ, ಮುಲುಂಡಿನಲ್ಲಿ.
ಮೆಟ್ಟಿಲ ಕೆಳಗಿನ ಕತ್ತಲಲ್ಲಿ, ಪಂಕ್ಚರಾದ ಸೈಕಲ್ಲು,
ಹೋದ ವರ್ಷದ ಗಣಪತಿ ಮಂಟಪದ ಥರ್ಮೋಕೋಲಿನ ನಡುವೆ
ಕುಕ್ಕರಗಾಲಲ್ಲಿ ಕೂತು, ಬಾಯಲ್ಲಿ ಟಾರ್ಚು ಕಚ್ಚಿ
ಅಂಕಿ ಬರೆದುಕೊಂಡಿದ್ದೇನೆ.
ಅಂಕಿ ಸುಳ್ಳು ಹೇಳುವುದಿಲ್ಲ ಅನ್ನುತ್ತಾರೆ ನಮ್ಮ ಸಾಹೇಬರು.
ಹೌದು. ಕೇಳದೆ ನಿಜವನ್ನೂ ಹೇಳುವುದಿಲ್ಲ.

ಪುಷ್ಪಕುಂಜದಲ್ಲಿ ಇಪ್ಪತ್ತೆಂಟು ಮನೆ.
ಒಂದರಲ್ಲೂ ಯಾರೂ ಕರೆಂಟು ಬಳಸುವುದಿಲ್ಲ,
ಬೇಕಾದರೆ ಕೇಳಿ ನೋಡಿ.
ಹಂಸಾಬೆನ್ ವೋರಾ ಢೋಕಳಕ್ಕೆ ಬೇಳೆ ರುಬ್ಬುತ್ತಾರೆ.
ಪೆಂಢಾರ್ಕರ್ ಅಂಗಿಯ ಕಾಲರನ್ನು ಎರಡು ಸಲ ಒತ್ತುತ್ತಾರೆ.
ಮೂರನೇ ಮಹಡಿಯ ಕರ್ಕೇರ ಬಾಯಿ
ಬೀಗರು ಬಂದಾಗ ಎಸಿ ಹಾಕುತ್ತಾರೆ,
ಬೀಗರ ರಿಕ್ಷಾ ತಿರುವು ದಾಟಿದ್ದೇ
ಕಿಟಕಿ ತೆರೆದು ಉಸ್ಸಪ್ಪಾ ಎಂದು ಕೂರುತ್ತಾರೆ.
ಕರೆಂಟೆಂಬ ಮಾತು ಬರುವುದು ಬಿಲ್ಲು ಬಂದ ದಿನ ಮಾತ್ರ.

ಬೆಳಿಗ್ಗೆ ಐದೂ ಹತ್ತಕ್ಕೆ ಮುನಿಸಿಪಾಲಿಟಿಯ ನೀರು.
ಹನ್ನೊಂದನೇ ನಿಮಿಷಕ್ಕೆ ಪಂಪು, ಆಮೇಲೆ ಗೀಸರು,
ಆರಕ್ಕೆ ಮಿಕ್ಸರುಗಳು,
ಒಂದು ಕೂಗಿದರೆ ಓಣಿಯೆಲ್ಲ ಕೂಗುವ ಹುಂಜಗಳ ಹಾಗೆ.
ನೂರಾರು ಮೈಲಿ ಆಚೆ ಯಾವನೋ
ಬಾಯ್ಲರಿಗೆ ಕಲ್ಲಿದ್ದಲು ಬಿಡುತ್ತಿದ್ದಾನೆ
ಇಲ್ಲಿ ಇವರಿಗೆ ಎಂಟೂ ಹದಿನೇಳರ ಫಾಸ್ಟು ತಪ್ಪದಿರಲೆಂದು.
ಅವನಿಗದು ಗೊತ್ತಿಲ್ಲ.
ರೈಲಿಗಂತೂ ಗೊತ್ತೇ ಇಲ್ಲ.

ಕಟ್ಟಡಕ್ಕೆ ಹೊಸ ಬಣ್ಣ ಹೊಡೆಸಿದ ವರ್ಷ ಆ ನೋಟೀಸು ಬಂತು.
ಲಿಫ್ಟಿನ ಪಕ್ಕ, ಮರಾಠಿಯಲ್ಲೊಂದು, ಇಂಗ್ಲಿಷಿನಲ್ಲೊಂದು:
ರಸ್ತೆ ಕಡೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕತಕ್ಕದ್ದಲ್ಲ.
ಚಾಳಿನ ಹಾಗೆ ಕಾಣುತ್ತದೆ ಅಂದರಂತೆ ಕಾರ್ಯದರ್ಶಿ ಪರುಳೇಕರ್,
ಪರೇಲಿನ ಚಾಳಿನಲ್ಲಿ ಹುಟ್ಟಿದವರು.

ಬೇಸಿಗೆ ಪೂರ್ತಿ ಏನೂ ಆಗಲಿಲ್ಲ.
ಮಳೆಗಾಲಕ್ಕೆ ಒಂದು ಮನೆಗೆ ಒಣಗಿಸುವ ಯಂತ್ರ ಬಂತು,
ದೀಪಾವಳಿಗೆ ಆರು.
ನನಗೆ ಯಾರೂ ಹೇಳಲಿಲ್ಲ, ಚಕ್ರ ಹೇಳಿತು.
ಡಿಸೆಂಬರಿನ ಒಳ್ಳೆಯ ಬಿಸಿಲು ಕೆಲಸವಿಲ್ಲದೆ
ರಸ್ತೆಯಲ್ಲಿ ನಿಂತಿತ್ತು,
ಹತ್ತು ಗಂಟೆಯಾದರೂ ಯಾರೂ ಕರೆಯದ
ನಾಕಾದ ಕೂಲಿಯವನ ಹಾಗೆ.

ನಮ್ಮವ್ವ ಇಂಡಿ ತಾಲೂಕಿನವಳು.
‘ಹೊಲಸಾಗದ ಅರಿವಿ ಒಗೀಬ್ಯಾಡ, ನೂಲು ಸಾಯ್ತದ’ ಅಂತಿದ್ದಳು.
ಈಗ ಬೆಳಿಗ್ಗೆ ಮೈಗೆ ತಾಗಿದ್ದು ಸಂಜೆ ಬುಟ್ಟಿಗೆ.
ಕೊಳೆ ಕಂಡಿತೆಂದಲ್ಲ,
ಕಂಡವರು ಏನಂದಾರು ಎಂದು.

ಹನ್ನೊಂದನೇ ನಂಬರಿನ ಫ್ಲೊರಿನ್ ಡಿಮೆಲ್ಲೊ ಮಾತ್ರ
ಹಾಸಿಗೆ ಹೊದಿಕೆ, ಮೊಮ್ಮಗನ ಚಡ್ಡಿ, ತನ್ನ ಲಂಗ
ಎಲ್ಲ ಹೊರಗೇ ಹಾಕಿದರು. ತಿಂಗಳಿಗೆ ನೂರು ರೂಪಾಯಿ ದಂಡ.
ಕೊಟ್ಟರು. ಮುಂದಿನ ತಿಂಗಳೂ ಕೊಟ್ಟರು.
‘ಯಂತ್ರಕ್ಕಾದರೆ ನಾನೂರು. ಬಿಸಿಲಿಗೆ ನೂರು.
ಲೆಕ್ಕ ನಿನಗೆ ಬರುತ್ತಲ್ಲ, ನೀನೇ ಹೇಳು ಮಾರಾಯ.’
ರಸೀದಿಗಳನ್ನು ಅದೇ ಹಗ್ಗಕ್ಕೆ ಕ್ಲಿಪ್ಪು ಹಾಕಿ ಸಿಕ್ಕಿಸಿದ್ದರು,
ಲಂಗದ ಪಕ್ಕದಲ್ಲಿ. ಗಾಳಿಗೆ ಪಟಪಟ.

ಹಂಸಾಬೆನ್ ಕೆಳಗೆ ನಿಂತು ತಲೆಯೆತ್ತಿ
ಬಹಳ ಹೊತ್ತು ನೋಡುತ್ತಿದ್ದುದನ್ನು ನಾನೇ ಕಂಡಿದ್ದೇನೆ.
ಒಳಗೆ ಹೋದರು.
ಆ ಮೇಲೆ ಏನು ಮಾಡಿದರೋ ತಿಳಿಯದು. ಅಷ್ಟರಲ್ಲಿ
ತಾನೇ ಓದಿಕೊಂಡು ತಾನೇ ಕಳಿಸುವ ಹೊಸ ಮೀಟರು ಬಂದು
ನನ್ನನ್ನು ಭಾಂಡುಪಿನ ಆಫೀಸಿಗೆ ಹಾಕಿದರು.

ಅಲ್ಲಿ ಪರದೆಯ ಮೇಲೆ ಇಡೀ ಊರು ಒಂದು ಗೆರೆ.
ಬೆಳಿಗ್ಗೆ ಏಳುತ್ತದೆ, ಮಧ್ಯಾಹ್ನ ಸ್ವಲ್ಪ ಬಾಗುತ್ತದೆ, ಸಂಜೆ ಮತ್ತೆ.
ಹುಡುಗರು ಅದಕ್ಕೆ ಬೇಡಿಕೆ ಅನ್ನುತ್ತಾರೆ.
ಯಾರು ಬೇಡಿದರು, ಯಾರ ಹತ್ತಿರ?
ನನಗೆ ಅದರಲ್ಲಿ ಒಂದು ಕಾಲರು ಕಾಣುತ್ತದೆ,
ಬೀಗರ ಹಣೆಯ ಬೆವರು ಕಾಣುತ್ತದೆ.

ನನ್ನದೂ ಇದೆ ಬಿಡಿ. ಇಸ್ತ್ರಿಯಿಲ್ಲದ ಅಂಗಿಯಲ್ಲಿ ಹೋದ ದಿನ
ವಾಚ್‌ಮನ್ನು ಗೇಟಲ್ಲೇ ‘ಯಾರು ಬೇಕು?’ ಅಂದಿದ್ದ.
ಅಂದಿನಿಂದ ದಿನಾ ಆರೂವರೆಗೆ ಹತ್ತು ನಿಮಿಷ.

ನಮ್ಮ ಚಾಳಿನ ಮೀಟರನ್ನು ಈಗಲೂ ಒಬ್ಬ ಬಂದು ಓದುತ್ತಾನೆ.
ನನ್ನ ಆ ಹತ್ತು ನಿಮಿಷವನ್ನು ಬರೆದುಕೊಂಡು
ತಲೆಯೆತ್ತದೆ ಹೋಗುತ್ತಾನೆ.
ಅವನ ಅಂಗಿಯ ಮಡಿಕೆ ಕತ್ತಿಯ ಅಲಗಿನ ಹಾಗಿದೆ.