ರೈಟ್ ಹೇಳೋರು ನಾವಲ್ಲ

ಲೂಕಾಸಾ, ಸ್ಪ್ಯಾನರ್ ಕೆಳಗಿಡು, ಕೈ ಒರೆಸ್ಕೊ.
ಟೀ ಆರೋದ್ರೊಳಗೆ ಹೇಳಿ ಮುಗಿಸ್ತೀನಿ.
ಇಪ್ಪತ್ತೊಂಬತ್ತು ವರ್ಷ ಹಾಸನ–ಅರಸೀಕೆರೆ ರೂಟಲ್ಲಿ
ಸೀಟಿ ಊದಿದ ಬಾಯಿ ಇದು, ನಂಬು:
ಹಡಗು ಬಸ್ಸಲ್ಲ.
ಹಾರನಹಳ್ಳಿ ಗೇಟಲ್ಲಿ ಕೋಳಿ ಹಿಡ್ಕೊಂಡು ಓಡಿಬಂದೋಳಿಗೆ
ನಾನು ನಿಲ್ಲಿಸ್ತಿದ್ದೆ. ಅವರು ನಿಲ್ಲಿಸಲ್ಲ.
ಅಲ್ಲಿ ರೈಟ್ ಹೇಳೋರು ನಾವಲ್ಲ.

ಸಂಜೆ ನಾಲ್ಕಕ್ಕೆ ಹೊರಡೋದು ಅಂದ್ರೆ
ಹಿಂದಿನ ದಿನವೇ ಕೊಚ್ಚಿಯಲ್ಲಿ ಮಲಗು.
ಶಿರಾಡಿ ಘಾಟಿಗೆ ಮಾತು ಅಂತ ಇಲ್ಲ,
ಒಂದು ಗುಡ್ಡ ಮಗ್ಗುಲು ಬದಲಿಸಿದ್ರೆ
ನಿನ್ನ ಬೆಳ್ಳಿಹಬ್ಬ ದೋಣಿಗಲ್ಲಲ್ಲೇ ಆಗ್ತದೆ.

ರೂಮು ನಡುಮಧ್ಯದ್ದು ಕೇಳು, ಕೆಳಗಿನ ಅಂತಸ್ತಿನದು.
ಹಿಂದಿನ ಸೀಟು ಎಷ್ಟು ಎತ್ತಿಹಾಕ್ತದೆ
ಮೆಕ್ಯಾನಿಕ್ಕಿಗೆ ನಾನೇನು ಹೇಳ್ಲಿ?
ಕಿಟಕಿ ಇಲ್ಲದ್ದೇ ಸಾಕು. ಕಣ್ಮುಚ್ಚಿ ಮಲಗೋಕೆ ಕಿಟಕಿ ಯಾಕೆ?
ಏಳು ಸಾವಿರ ಉಳೀತು.

ಮಾತ್ರೆ ಹೊಟ್ಟೆ ತೊಳಸೋಕೆ ಮುಂಚೆ ನುಂಗು,
ಆಮೇಲೆ ನುಂಗಿದ್ದು ಸಮುದ್ರಕ್ಕೆ ಹೋಗ್ತದೆ.
ಒಣಶುಂಠಿ ಜೇಬಲ್ಲಿರಲಿ.
ಗೋಡೆ ಪೂರಾ ಕಬ್ಬಿಣ, ಮೊಳೆ ಇಲ್ಲ;
ಅಯಸ್ಕಾಂತದ ಕೊಕ್ಕೆ ನಾಲ್ಕು ಒಯ್ಯಿ.
ನಮ್ಮನೆಯೋಳು ಮಂಜುನಾಥನ ಪಟ ನೇತುಹಾಕಿದ್ಲು,
ನಿಮ್ಮದು ಜಪಸರ.
ಇಸ್ತ್ರಿಪೆಟ್ಟಿಗೆ ಒಯ್ಯಬೇಡ, ಕಿತ್ತಿಟ್ಕೋತಾರೆ.

ಅಲ್ಲಿ ಚಿಲ್ಲರೆ ನಡೆಯಲ್ಲ, ಮಾರಾಯ.
ಕೊರಳಿಗೊಂದು ಕಾರ್ಡು, ಅದೇ ಬೀಗದಕೈ, ಅದೇ ದುಡ್ಡು,
ದುಡ್ಡು ಅಂತ ಮರೆಸೋದೇ ಅದರ ಕೆಲಸ.
ಮೂರು ದಿನ ನನ್ನ ಬಲಗೈ ಸುಮ್ಮನೆ
ಇಲ್ಲದ ಚೀಲದ ಬಾಯಿ ಹುಡುಕ್ತಿತ್ತು.
ದಡ ಬಿಟ್ಟ ಕೂಡ್ಲೆ ಫೋನಿನ ನೆಟ್ ಆರಿಸು.
ನಾನು ಆರಿಸಲಿಲ್ಲ: ಮೊಮ್ಮಗ ಕಳಿಸಿದ
ಒಂದು ನಾಯಿಮರಿ ವಿಡಿಯೋಗೆ
ಹದಿನೆಂಟು ನೂರು ರೂಪಾಯಿ.
ಮರಿ ಚೆನ್ನಾಗೇ ಇತ್ತು.

ಕೊನೆ ರಾತ್ರಿ ಪೆಟ್ಟಿಗೆ ಬಾಗಿಲಾಚೆ ಇಡು ಅಂತಾರೆ,
ಅವರೇ ದಡಕ್ಕೆ ಮುಟ್ಟಿಸ್ತಾರೆ.
ನಮ್ಮನೆಯೋಳು ಅಚ್ಚುಕಟ್ಟು, ಎಲ್ಲ ಮಡಿಚಿಟ್ಲು, ಎಲ್ಲ.
ಬೆಳಗ್ಗೆ ಎದ್ದರೆ ಮೈಮೇಲಿನ ನೈಟಿ ಒಂದೇ.
ಹಡಗಿನ ಬೆಡ್‌ಶೀಟು ಹೊದ್ದು, ತಲೆ ಎತ್ಕೊಂಡು
ರಾಣಿ ಇಳಿದಂಗೆ ಇಳಿದ್ಲು.
ಇವತ್ತಿಗೂ ಆ ವಿಷಯ ಎತ್ತಿದ್ರೆ ನಂಗೆ ಊಟ ಇಲ್ಲ.

ಹಾಂ, ಮೊದಲ ದಿನ ಸೈರನ್ ಕೂಗ್ತದೆ,
ಏಳು ಸಣ್ಣದು, ಒಂದು ಉದ್ದ.
ಕಿತ್ತಲೆ ಬಣ್ಣದ ಜಾಕೆಟ್ ಹಾಕಿಸಿ
ಎಲ್ಲಿ ನಿಲ್ಲಬೇಕು, ಯಾವ ದೋಣಿ, ತೋರಿಸ್ತಾರೆ.
ನೀರು ಒಳಗೆ ಬಂದ್ರೆ ಅಂತ. ನಗಬೇಡ, ತಪ್ಪಿಸ್ಕೋಬೇಡ...

"ನಮಗೆ ಯಾರೂ ಕೂಗಿಸಲಿಲ್ಲ, ಕಂಡಕ್ಟ್ರೇ."

ಟೈರಿನ ಮೇಲೆ ಕೂತು ಅವರೆಕಾಯಿ ಸುಲೀತಿದ್ದ
ನಿಮ್ಮಮ್ಮ ರೆಜಿನಮ್ಮ. ತಲೆ ಎತ್ತಲಿಲ್ಲ.
"ಹೇಮಾವತಿ ಮೆಲ್ಲಗೆ ಬಂದ್ಲು, ಬಾಡಿಗೆ ಕೇಳೋರ ಥರ.
ಮೊದಲು ಹಿತ್ತಿಲು. ಆಮೇಲೆ ಒರಳುಕಲ್ಲು.
ಈಗ ಬೇಸಿಗೇಲಿ ನೀರಿಳಿದ್ರೆ ಶೆಟ್ಟಿಹಳ್ಳಿ ಚರ್ಚಿನ ಮುಂದೆ
ಮದುವೆ ಹುಡುಗ್ರು ಫೋಟೋಗೆ ನಿಲ್ತಾರೆ.
ನಂಗೆ ನೀರು ಕಂಡ್ರೆ ಲೆಕ್ಕ ಶುರುವಾಗ್ತದೆ,
ಇಲ್ಲಿ ಅಂತೋಣಿಯ ಬಾವಿ, ಇಲ್ಲಿ ನಮ್ಮ ಒಲೆ."
ಒಂದು ಕಾಳು ಕೆಳಗೆ ಬಿತ್ತು. ಹುಡುಕಿ ಎತ್ಕೊಂಡ್ಲು.
"ನೀವು ಹೋದ ನೀರಿನ ಅಡಿಯಲ್ಲಿ
ಯಾರ ಮನೆಯೂ ಇಲ್ಲ ತಾನೆ?"

ಇಲ್ಲ ತಾಯಿ, ಅಂದೆ. ಮೀನು ಇರಬಹುದು.

"ಹಂಗಾದ್ರೆ ಒಂದು ಸಲ ಅಂಥ ನೀರು ನೋಡ್ಬೇಕು."

ಲೂಕಾಸಾ, ಮೇಲೆ ಹೇಳಿದ್ದು ಹೊಡೆದುಹಾಕು.
ಕಿಟಕಿ ಇರೋ ರೂಮೇ ಕೇಳು, ಮೂರು ಮಂಚದ್ದು.
ಏಳು ಸಾವಿರ ಸಾಲದಿದ್ರೆ ಪೆನ್ಶನ್ ಬಂದ ಮೇಲೆ ಮಾತಾಡೋಣ.
ಗಾಲಿಕುರ್ಚಿ ಬೇಕು ಅಂತ ಟಿಕೆಟ್ ಮಾಡುವಾಗಲೇ ಬರೆಸು,
ಅಂಥೋರನ್ನ ಮೊದಲು ಹತ್ತಿಸ್ತಾರೆ.
ಕೊನೆ ರಾತ್ರಿ, ಮರೀಬೇಡ,
ಅಮ್ಮನ ಸೀರೆ ಒಂದು ಹೊರಗಿಡು.